ಮರದಚ್ಚಿನ ಆನೆ, ತಾಮ್ರದಚ್ಚಿನ ಬೆಟ್ಟ

ಯಶವಂತಪುರದ ಮಾರುಕಟ್ಟೆಯ ಹಿಂದಿನ ಓಣಿಯೊಂದರಲ್ಲಿ ಪಟಗಳಿಗೆ ಕಟ್ಟು ಹಾಕಿಕೊಡುವ ಪುಟ್ಟ ಅಂಗಡಿಯಿದೆ. ದೇವರ ಪಟ, ಮದುವೆಯ ಫೋಟೊ, ನಿವೃತ್ತರಾದವರ ಮಾನಪತ್ರ ಇವುಗಳ ನಡುವೆ ಒಮ್ಮೆ ಒಂದು ಬೆಟ್ಟದ ಚಿತ್ರ ಕಣ್ಣಿಗೆ ಬಿತ್ತು. ಬೋಳು ಬಂಡೆಯ ಭಾರಿ ಬೆಟ್ಟ, ಅದರ ಬುಡದಲ್ಲಿ ಇರುವೆಗಳಂತೆ ಕಾಣುವ ಸಿಪಾಯಿಗಳು. ಕೆಳಗೆ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ‘ಸೆವಂಡ್ರೂಗ್’ ಎಂದು ಬರೆದಿತ್ತು. ಅಂದರೆ ನಮ್ಮ ಮಾಗಡಿಯ ಸಾವನದುರ್ಗ!

‘ಒರಿಜಿನಲ್ ಸಾರ್, ಇನ್ನೂರು ವರ್ಷದ್ದು’ ಎಂದರು ಅಂಗಡಿಯವರು. ನನ್ನ ಚೀಲದಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತದೆ. ಹಿಡಿದು ನೋಡಿದೆ. ಬೆಟ್ಟದ ಮೈತುಂಬ ಸಾಲುಗಟ್ಟಿದ ಬಣ್ಣದ ಚುಕ್ಕಿಗಳು. ಆಫ್‌ಸೆಟ್ ಯಂತ್ರದ ಗುರುತು ಅದು. ಯಾವುದೋ ಕ್ಯಾಲೆಂಡರಿನಿಂದ ಬಿಡಿಸಿಕೊಂಡ ಹಾಳೆ. ಹಾಗೆಂದು ಹೇಳಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ಹಾಗಾದ್ರೆ ಒರಿಜಿನಲ್ ಯಾವುದು ಸಾರ್? ಅದೂ ಅಚ್ಚು ಹಾಕಿದ್ದೇ ತಾನೆ?’ ಎಂದು ಕೇಳಿದರು.

ಪ್ರಶ್ನೆ ಸರಿಯಾಗಿಯೇ ಇತ್ತು. ಕೈಯಿಂದ ಬರೆದ ಚಿತ್ರವಾದರೆ ಅಸಲು ಒಂದೇ. ಅಚ್ಚಿನ ಚಿತ್ರಕ್ಕೆ ನೂರಾರು ಪ್ರತಿಗಳಿರುತ್ತವೆ. ಅವುಗಳಲ್ಲಿ ಯಾವುದು ಅಸಲು, ಯಾವುದು ನಕಲು? ಐದು ನೂರು ವರ್ಷಗಳಿಂದ ಅಚ್ಚಿನ ಚಿತ್ರಗಳನ್ನೂ ಅವುಗಳಿರುವ ಪುಸ್ತಕಗಳನ್ನೂ ಕೂಡಿಡುವವರು ಕೇಳಿಕೊಳ್ಳುತ್ತ ಬಂದ ಪ್ರಶ್ನೆ ಇದೇ. ಇದರ ಉತ್ತರ ಹುಡುಕಹೊರಟರೆ ದಾರಿ ದೂರದ ಜರ್ಮನಿಗೆ ಹೋಗಿ, ಅಲ್ಲಿಂದ ಹಂಪೆಗೂ ಬೆಂಗಳೂರಿನ ಕೋಟೆಗೂ ಹಿಂದಿರುಗುತ್ತದೆ.

ಉಳಿ ಮತ್ತು ತಗಡು

ಯೂರೋಪಿನ ಪುನರುಜ್ಜೀವನದ ಕಾಲದಲ್ಲಿ, ಎಂದರೆ ಹದಿನೈದು ಹದಿನಾರನೆಯ ಶತಮಾನಗಳಲ್ಲಿ, ಚಿತ್ರವನ್ನು ಅಚ್ಚು ಹಾಕಲು ಮುಖ್ಯವಾಗಿ ಎರಡು ಹಾದಿಗಳಿದ್ದವು. ಮೊದಲನೆಯದು ಮರದಚ್ಚು. ನುಣುಪಾದ ಹಲಗೆಯ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಬರೆದು, ಗೆರೆಗಳನ್ನು ಉಳಿಸಿ ಮಿಕ್ಕ ಮರವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಉಬ್ಬಿ ನಿಂತ ಗೆರೆಗಳಿಗೆ ಮಸಿ ಬಳಿದು ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ. ನಮ್ಮಲ್ಲಿ ಬಟ್ಟೆಗೆ ಅಚ್ಚು ಹಾಕುವವರು ಬಳಸುವ ಮರದ ಅಚ್ಚಿನ ತತ್ವವೂ ಇದೇ. ಸೀಸದ ಅಚ್ಚುಮೊಳೆಗಳಂತೆ ಇದೂ ಉಬ್ಬಚ್ಚಾದ್ದರಿಂದ ಅಕ್ಷರ ಮತ್ತು ಚಿತ್ರಗಳನ್ನು ಒಂದೇ ಚೌಕಟ್ಟಿನಲ್ಲಿ ಬಿಗಿದು ಒಂದೇ ಒತ್ತಿಗೆ ಮುದ್ರಿಸಬಹುದಿತ್ತು. ಚಿತ್ರಗಳಿರುವ ಪುಸ್ತಕ ಅಗ್ಗವಾದದ್ದು ಹೀಗೆ.

ಎರಡನೆಯದು ತಾಮ್ರದ ತಗಡಿನ ಕೆತ್ತನೆ. ಇದು ಮರದಚ್ಚಿಗೆ ತದ್ವಿರುದ್ಧ. ಇಲ್ಲಿ ಚೂಪಾದ ಉಳಿಯಿಂದ ಗೆರೆಗಳನ್ನೇ ಕೊರೆಯುತ್ತಾರೆ. ಕೊರಕಲುಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಚೆನ್ನಾಗಿ ಒರೆಸಿ, ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಿದಾಗ ಕಾಗದವು ಮಸಿಯನ್ನು ಎಳೆದುಕೊಳ್ಳುತ್ತದೆ. ಗೆರೆ ಕೂದಲಿನಷ್ಟು ಸಣ್ಣದಿರಬಹುದು. ತಗಡಿನ ಅಂಚು ಕಾಗದದಲ್ಲಿ ಒತ್ತಿ ನಿಂತು, ಚಿತ್ರದ ಸುತ್ತ ತಗ್ಗಾದ ಚೌಕದ ಗುರುತು ಉಳಿಯುತ್ತದೆ. ತಾಮ್ರ ಮೆದುವಾದ ಲೋಹ. ಒತ್ತಿದಷ್ಟೂ ಸವೆಯುತ್ತದೆ. ಮೊದಲು ತೆಗೆದ ಪ್ರತಿಗಳಲ್ಲಿ ಗೆರೆ ಕಡುಕಪ್ಪಾಗಿದ್ದರೆ ಕೊನೆಯವುಗಳಲ್ಲಿ ಮಂಕಾಗಿರುತ್ತದೆ. ಒಂದೇ ಚಿತ್ರದ ಎರಡು ಪ್ರತಿಗಳಿಗೆ ಬೇರೆ ಬೇರೆ ಬೆಲೆ ಬರುವುದಕ್ಕೆ ಇದು ಮೊದಲ ಕಾರಣ.

ಮೆಣಸಿನ ಹಿಂದೆ ಹೋದ ಚಿತ್ರ

ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್ ಆ ಕಾಲದ ಧನಿಕರ ಪಟ್ಟಣ. ಫುಗ್ಗರ್ ಮತ್ತು ವೆಲ್ಸರ್ ಎಂಬ ಎರಡು ವರ್ತಕ ಮನೆತನಗಳು ರಾಜರಿಗೇ ಸಾಲ ಕೊಡುತ್ತಿದ್ದವು. ೧೫೦೫ರಲ್ಲಿ ಪೋರ್ಚುಗಲ್ಲಿನಿಂದ ಅಲ್ಮೇಡಾನ ನಾಯಕತ್ವದಲ್ಲಿ ಭಾರತಕ್ಕೆ ಹೊರಟ ಹಡಗುಗಳಿಗೆ ಜರ್ಮನ್ ವರ್ತಕರೂ ಬಂಡವಾಳ ಹಾಕಿದ್ದರು. ಅವರಿಗೆ ಬೇಕಾಗಿದ್ದದ್ದು ಮೆಣಸು. ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿ, ಹೊನ್ನಾವರದ ಮೇಲೆ ದಾಳಿ ಮಾಡಿದವನು ಇದೇ ಅಲ್ಮೇಡಾ. ಆ ಹಡಗುಗಳಲ್ಲಿ ವೆಲ್ಸರ್ ಮನೆತನದ ಪರವಾಗಿ ಬಂದಿದ್ದ ಬಾಲ್ತಸಾರ್ ಸ್ಪ್ರೆಂಗರ್ ಎಂಬವನ ವರದಿಯನ್ನು ಆಧರಿಸಿ ಆಗ್ಸ್‌ಬರ್ಗಿನ ಹಾನ್ಸ್ ಬುರ್ಕ್‌ಮೇರ್ ೧೫೦೮ರಲ್ಲಿ ಆಫ್ರಿಕ ಮತ್ತು ಭಾರತದ ಜನರನ್ನು ತೋರಿಸುವ ಮರದಚ್ಚಿನ ಚಿತ್ರಮಾಲೆಯನ್ನು ಮಾಡಿದ. ಹೀಗೆ ಮೆಣಸಿನ ವ್ಯಾಪಾರದ ಬೆನ್ನಿಗೇ ನಮ್ಮ ಕಡೆಯ ಜನರ ಚಿತ್ರಗಳೂ ಯೂರೋಪಿನಲ್ಲಿ ಅಚ್ಚಾಗತೊಡಗಿದವು.

ಇದೇ ಹೊತ್ತಿನಲ್ಲಿ ಬೊಲೋನ್ಯದ ಲುಡೊವಿಕೊ ವರ್ತೆಮ ಎಂಬ ಇಟಲಿಯ ಪ್ರವಾಸಿ ನಮ್ಮ ನಾಡಿನಲ್ಲಿ ಸುತ್ತುತ್ತಿದ್ದ. ಗೋವೆ, ವಿಜಾಪುರ, ಭಟ್ಕಳ, ಅಂಕೋಲ, ಹೊನ್ನಾವರ, ಮಂಗಳೂರುಗಳನ್ನು ಹೆಸರಿಸುತ್ತ ಕಣ್ಣಾನೂರಿಗೆ ಬಂದು, ಅಲ್ಲಿಂದ ವಿಜಯನಗರಕ್ಕೆ ಹೋದ. ಮೂರು ಸುತ್ತಿನ ಗೋಡೆಯ ಆ ನಗರವನ್ನು ಬಣ್ಣಿಸಿ, ಅಲ್ಲಿನ ಯುದ್ಧದಾನೆಗಳ ಬಗ್ಗೆ ವಿವರವಾಗಿ ಬರೆದ. ಆನೆಯ ಎರಡೂ ಪಕ್ಕಗಳಲ್ಲಿ ಮರದ ಪೆಟ್ಟಿಗೆ, ಒಂದೊಂದರಲ್ಲಿ ಮೂವರು ಸೈನಿಕರು, ಕುತ್ತಿಗೆಯ ಮೇಲೆ ಒಬ್ಬ, ಸೊಂಡಿಲಿಗೆ ಕಟ್ಟಿದ ಉದ್ದನೆಯ ಕತ್ತಿ. ೧೫೧೦ರಲ್ಲಿ ರೋಮಿನಲ್ಲಿ ಅಚ್ಚಾದ ಅವನ ಪುಸ್ತಕ ಬಹುಬೇಗ ಬೇರೆ ಭಾಷೆಗಳಿಗೂ ಹೋಯಿತು.

೧೫೧೫ರಲ್ಲಿ ಅದರ ಜರ್ಮನ್ ಅನುವಾದ ಆಗ್ಸ್‌ಬರ್ಗಿನಲ್ಲಿ ಹೊರಬಂತು. ಅದಕ್ಕೆ ನಲವತ್ತಕ್ಕೂ ಹೆಚ್ಚು ಮರದಚ್ಚಿನ ಚಿತ್ರಗಳನ್ನು ರಚಿಸಿದವನು ಯೋರ್ಗ್ ಬ್ರಾಯ್ ಎಂಬ ಕಲಾವಿದ. ಅವನು ಭಾರತವನ್ನು ಕಂಡವನಲ್ಲ. ವರ್ತೆಮನ ಮಾತುಗಳನ್ನು ಓದಿ, ತನಗೆ ಗೊತ್ತಿದ್ದ ಉಡುಪು, ಆಯುಧ, ಕಟ್ಟಡಗಳಿಂದ ಚಿತ್ರ ಕಟ್ಟಿದ. ಕಲ್ಲಿಕೋಟೆಯ ದೇವರನ್ನು ವರ್ತೆಮ ತನ್ನ ನಂಬಿಕೆಗೆ ತಕ್ಕಂತೆ ಸೈತಾನನೆಂದು ಬರೆದಿದ್ದ. ಬ್ರಾಯ್ ಅದನ್ನು ಕಿರೀಟ ತೊಟ್ಟು ಪೀಠದ ಮೇಲೆ ಕುಳಿತ ಯೂರೋಪಿನ ಪಿಶಾಚಿಯನ್ನಾಗಿಯೇ ಮಾಡಿಬಿಟ್ಟ. ಈ ರೂಪ ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಕಲಾಗುತ್ತ, ಭಾರತದ ದೇವತೆಗಳೆಂದರೆ ರಾಕ್ಷಸರೆಂಬ ಕಲ್ಪನೆಯನ್ನು ಎಷ್ಟು ಕಾಲ ಉಳಿಸಿತೆಂಬುದನ್ನು ಕಲಾ ಇತಿಹಾಸಕಾರ ಪಾರ್ಥ ಮಿತ್ತರ್ ೧೯೭೭ರ ತಮ್ಮ ಗ್ರಂಥದಲ್ಲಿ ಬಿಡಿಸಿ ತೋರಿಸಿದ್ದಾರೆ.

ಆಗಿನ ಓದುಗರಿಗೆ ಇದು ಮೋಸವೆನ್ನಿಸಿರಲಿಕ್ಕಿಲ್ಲ. ೧೪೯೩ರ ಪ್ರಸಿದ್ಧ ನ್ಯೂರೆಂಬರ್ಗ್ ಚರಿತ್ರೆಯಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ಚಿತ್ರಗಳಿದ್ದರೂ ಕೆತ್ತಿದ ಹಲಗೆಗಳು ಸುಮಾರು ೬೪೫ ಮಾತ್ರ. ಒಂದೇ ಊರಿನ ಹಲಗೆಯನ್ನು ಬೇರೆ ಬೇರೆ ಊರುಗಳ ಹೆಸರಿನಲ್ಲಿ ಒತ್ತಿದ್ದಾರೆ. ಬ್ರಾಯ್‌ನ ಪುಸ್ತಕ ಬಂದ ಅದೇ ೧೫೧೫ರಲ್ಲಿ, ಗುಜರಾತಿನ ಸುಲ್ತಾನ ಕೊಟ್ಟ ಖಡ್ಗಮೃಗವೊಂದು ಲಿಸ್ಬನ್ನಿಗೆ ಬಂದಿಳಿಯಿತು. ಮಹಾ ಕಲಾವಿದ ಡ್ಯೂರರ್ ಅದನ್ನು ಕಣ್ಣಾರೆ ಕಾಣದೆ, ಬೇರೆಯವರು ಬರೆದ ವಿವರವನ್ನೂ ರೇಖಾಚಿತ್ರವನ್ನೂ ನೋಡಿ ಮರದಚ್ಚು ಮಾಡಿದ. ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬನ್ನೂ ಸೇರಿಸಿದ. ಆ ಕೊಂಬು ಹದಿನೆಂಟನೆಯ ಶತಮಾನದವರೆಗೂ ಯೂರೋಪಿನ ಪುಸ್ತಕಗಳಿಂದ ಉದುರಲಿಲ್ಲ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳುಗಳ ಮೆರವಣಿಗೆಯನ್ನು ಸಾಲುಸಾಲಾಗಿ ಕೆತ್ತಲಾಗಿದೆ. ಆ ಆನೆಗಳನ್ನು ದಿನವೂ ನೋಡುತ್ತಿದ್ದ ಶಿಲ್ಪಿಗಳ ಕೆಲಸ ಅದು. ವಿಜಯನಗರದ ಆನೆ ಇಲ್ಲಿ ಕಲ್ಲಿನಲ್ಲಿ ಮೂಡಿದ್ದರೆ, ಅದನ್ನು ನೋಡದವನ ಕೈಯಲ್ಲಿ ಜರ್ಮನಿಯ ಮರದಲ್ಲಿ ಮೂಡಿತು. ಕಲ್ಲಿನ ಆನೆ ನಿಂತಲ್ಲೇ ನಿಂತಿತು. ಮರದ ಆನೆ ಕಾಗದವನ್ನೇರಿ ಊರೂರು ತಿರುಗಿತು. ಯೂರೋಪು ನಂಬಿದ್ದು ತಿರುಗಿದ ಆನೆಯನ್ನು. ಇನ್ನೂ ಒಂದು ಮಾತು: ಕನ್ನಡ ಅಕ್ಷರಗಳಲ್ಲಿ ಅಚ್ಚಾದ ಮೊದಲ ಪುಸ್ತಕವೆಂದು ಸಾಮಾನ್ಯವಾಗಿ ಹೇಳುವುದು ೧೮೧೭ರಲ್ಲಿ ಸಿರಾಂಪುರದಲ್ಲಿ ಪ್ರಕಟವಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣವನ್ನು. ನಮ್ಮ ಅಕ್ಷರಕ್ಕೆ ಅಚ್ಚುಮೊಳೆ ಸಿಗುವುದಕ್ಕೆ ಮುನ್ನೂರು ವರ್ಷ ಮೊದಲೇ ನಮ್ಮ ನಾಡಿನ ಚಿತ್ರ ಬೇರೆಯವರ ಅಚ್ಚಿನಲ್ಲಿ ಹರಡಿತ್ತು.

ಸೈನ್ಯದ ಜೊತೆ ಬಂದ ಕುಂಚ

ಕಾಣದೆ ಬರೆದ ಈ ಚಿತ್ರಗಳ ಕಾಲ ಮುಗಿದು ಕಂಡು ಬರೆದವು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಅವೂ ಶಾಂತಿಯ ದಿನಗಳಲ್ಲಿ ಬಂದವಲ್ಲ. ಕಾರ್ನ್‌ವಾಲಿಸನ ಸೈನ್ಯ ೧೭೯೧ರ ಮಾರ್ಚ್ ೭ರಂದು ಬೆಂಗಳೂರಿನ ಪೇಟೆಯನ್ನೂ ೨೧ರಂದು ಕೋಟೆಯನ್ನೂ ಹಿಡಿಯಿತು. ಆಮೇಲೆ ಅದು ನಡೆದದ್ದು ಉತ್ತರಕ್ಕೆ, ದೇವನಹಳ್ಳಿ ಚಿಕ್ಕಬಳ್ಳಾಪುರಗಳ ಕಡೆಗೆ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ ೨೧ರಂದು ಸಾವನದುರ್ಗ ಬಿದ್ದವು. ಈ ಸೈನ್ಯದ ಜೊತೆಯಲ್ಲಿ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಅವನು ಸ್ಥಳದಲ್ಲೇ ಬರೆದ ಚಿತ್ರಗಳನ್ನು ಲಂಡನ್ನಿನಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿಸಿ, ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಎಂಬ ದೊಡ್ಡ ಪುಸ್ತಕವಾಗಿ ೧೭೯೪ರಲ್ಲಿ ಹೊರತಂದರು. ಇದನ್ನು ಮುದ್ರಿಸಿದ ತಾಮಸ್ ಬೆನ್ಸ್‌ಲಿ ಅಂದಿನ ಇಂಗ್ಲೆಂಡಿನ ಅತ್ಯುತ್ತಮ ಮುದ್ರಕರಲ್ಲಿ ಒಬ್ಬ. ಸೈಪ್ರಸ್ ಮರಗಳ ತೋಟದೊಡನೆ ಕಾಣುವ ಬೆಂಗಳೂರಿನ ಪೂರ್ವದ ನೋಟ, ಸಾವನದುರ್ಗದ ನೋಟಗಳು ಅದರಲ್ಲಿವೆ. ಯಶವಂತಪುರದ ಅಂಗಡಿಯಲ್ಲಿ ನಾನು ನೋಡಿದ ಬೆಟ್ಟದ ಮೂಲ ಇಂಥ ಪುಸ್ತಕವೇ.

ಹೋಮ್ ಒಬ್ಬನೇ ಅಲ್ಲ. ಸೈನ್ಯದ ಅಧಿಕಾರಿಗಳಾಗಿದ್ದ ಕೋಲ್‌ಬ್ರೂಕ್ ಹನ್ನೆರಡು ನೋಟಗಳನ್ನೂ ಅಲೆಕ್ಸಾಂಡರ್ ಆಲನ್ ಇಪ್ಪತ್ತು ನೋಟಗಳನ್ನೂ ಅದೇ ವರ್ಷಗಳಲ್ಲಿ ಪ್ರಕಟಿಸಿದರು. ಫಿರಂಗಿದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ೧೭೯೨ರಲ್ಲೇ ತೀರಿಕೊಂಡ. ಅವನ ನಲವತ್ತು ಚಿತ್ರಗಳನ್ನು ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕ ೧೮೦೪–೦೫ರಲ್ಲಿ ಬಣ್ಣದಲ್ಲಿ ಹೊರತಂದ. ಇವು ಅಕ್ವಾಟಿಂಟ್ ಎಂಬ ವಿಧಾನದವು. ತಗಡಿನ ಮೇಲೆ ರಾಳದ ಪುಡಿ ಹರಡಿ, ಆಮ್ಲದಿಂದ ತಿನ್ನಿಸಿದಾಗ ಗೆರೆಗಳಿಲ್ಲದೆಯೇ ನೆರಳು ಬೆಳಕಿನ ಛಾಯೆ ಬರುತ್ತದೆ. ಒತ್ತಿದ ಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದ ಬಣ್ಣ ತುಂಬುತ್ತಿದ್ದರು.

ಇವು ಗೆದ್ದವರು ಗೆದ್ದ ನೆಲವನ್ನು ತಮ್ಮವರಿಗೆ ತೋರಿಸಲು ಮಾಡಿದ ಚಿತ್ರಗಳು ಎಂಬುದನ್ನು ಮರೆಯುವಂತಿಲ್ಲ. ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಿದ ಸನ್ನಿವೇಶವನ್ನು ಔದಾರ್ಯದ ದೃಶ್ಯವೆಂಬಂತೆ ಚಿತ್ರಿಸಿದವನೂ ಹೋಮನೇ. ಆದರೂ ಈ ಹಾಳೆಗಳಿಲ್ಲದಿದ್ದರೆ ನಮಗೆ ಎಷ್ಟೋ ಸಂಗತಿ ತಿಳಿಯುತ್ತಿರಲಿಲ್ಲ. ಬೆಂಗಳೂರಿನ ಕೋಟೆಯ ಗೋಡೆಗಳು ಬಹುಪಾಲು ಹೋಗಿ ದೆಹಲಿ ಬಾಗಿಲಿನ ಸುತ್ತಲ ಭಾಗವಷ್ಟೆ ನಿಂತಿದೆ. ಟಿಪ್ಪುವಿನ ಬೇಸಗೆ ಅರಮನೆಯಲ್ಲೂ ಉಳಿದದ್ದು ಒಂದು ಭಾಗ. ಅದು ಹೇಗಿತ್ತೆಂದು ನೋಡಬೇಕಾದರೆ ಹಂಟರನ ಹಾಳೆಗಳನ್ನೇ ತೆರೆಯಬೇಕು.

ಕೂಡಿಡುವವರ ಲೋಕ

ಹಳೆಯ ಅಚ್ಚಿನ ಪುಸ್ತಕವನ್ನು ಕಲೆಯೆಂದು ಕಂಡು ಮತ್ತೆ ಅದೇ ಬಗೆಯಲ್ಲಿ ಮಾಡಬೇಕೆಂಬ ಹಂಬಲ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಲವಾಯಿತು. ಯಂತ್ರದ ಅಗ್ಗದ ಪುಸ್ತಕಗಳಿಂದ ಬೇಸತ್ತ ವಿಲಿಯಂ ಮಾರಿಸ್ ೧೮೯೧ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯ ತೆರೆದ. ಕೈಯಿಂದ ಮಾಡಿದ ಕಾಗದ, ಪುನರುಜ್ಜೀವನ ಕಾಲದ ಅಕ್ಷರಗಳನ್ನು ನೋಡಿ ಎರಕ ಹೊಯ್ಸಿದ ಅಚ್ಚುಮೊಳೆ, ಮರದಲ್ಲಿ ಕೆತ್ತಿದ ಚಿತ್ರ ಮತ್ತು ಅಂಚುಗಳು, ಕೈಯಿಂದ ಎಳೆಯುವ ಯಂತ್ರ. ೧೮೯೬ರಲ್ಲಿ ಅವನು ತಂದ ಚಾಸರ್ ಕವಿಯ ಕೃತಿಗಳ ಸಂಪುಟವನ್ನು ಕಾಗದದ ಮೇಲೆ ಒತ್ತಿದ್ದು ೪೨೫ ಪ್ರತಿ ಮಾತ್ರ. ಆ ಸಂಪುಟ ಒತ್ತಿದ ಯಂತ್ರಕ್ಕೂ ನಮಗೂ ಒಂದು ನಂಟಿದೆ. ಆನಂದ ಕುಮಾರಸ್ವಾಮಿಯವರು ಸಿಂಹಳದ ಮಧ್ಯಯುಗದ ಕಲೆಯ ಬಗ್ಗೆ ಬರೆದ ಪುಸ್ತಕ ೧೯೦೮ರಲ್ಲಿ ಅಚ್ಚಾದದ್ದು ಅದೇ ಯಂತ್ರದಲ್ಲಿ. ಕುಶಲಕರ್ಮಿಯ ಕೈಕೆಲಸವನ್ನು ಎತ್ತಿಹಿಡಿದ ಗ್ರಂಥ ಕೈಕೆಲಸದಿಂದಲೇ ಹೊರಬಂತು.

ಅಂದಿನಿಂದ ಇಂಥ ಸೀಮಿತ ಪ್ರತಿಗಳ ಪುಸ್ತಕಗಳನ್ನು ಕೊಂಡು ಕೂಡಿಡುವವರದೇ ಒಂದು ಲೋಕ ಬೆಳೆಯಿತು. ೧೫೧೫ರ ಮೂಲ ಪ್ರತಿ ಕೊಳ್ಳುವುದು ಸಾಮಾನ್ಯರ ಕೈಗೆ ಎಟುಕುವ ಮಾತಲ್ಲ. ಅಂಥವರಿಗೆ ಅಚ್ಚುಕಟ್ಟಾದ ಮರುಮುದ್ರಣವೇ ಆಸರೆ. ವರ್ತೆಮನ ಪ್ರವಾಸಕಥನವನ್ನು ಲಂಡನ್ನಿನ ಆರ್ಗೊನಾಟ್ ಪ್ರೆಸ್ ೧೯೨೮ರಲ್ಲಿ ಸರ್ ರಿಚರ್ಡ್ ಟೆಂಪಲ್ ಬರೆದ ಪ್ರಬಂಧದೊಡನೆ ಒಳ್ಳೆಯ ಕಾಗದದ ಮೇಲೆ ಮಿತ ಸಂಖ್ಯೆಯಲ್ಲಿ ಮುದ್ರಿಸಿತು. ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವೀಸಸ್ ಅದನ್ನು ಅಗ್ಗದಲ್ಲಿ ಮತ್ತೆ ಒದಗಿಸಿತು. ಓದಲು, ಹೋಲಿಸಿ ನೋಡಲು ಅದು ಸಾಕು. ಮರುಮುದ್ರಣವೆಂದು ಹೇಳಿಕೊಂಡೇ ಬರುವ ಪುಸ್ತಕದಲ್ಲಿ ಮೋಸವಿಲ್ಲ. ಮೋಸ ಶುರುವಾಗುವುದು ಅದನ್ನು ಅಸಲೆಂದು ಮಾರಿದಾಗ.

ಅಸಲನ್ನು ಗುರುತಿಸುವುದು ಹೇಗೆ? ಭೂತಗನ್ನಡಿಯಲ್ಲಿ ಸಾಲುಚುಕ್ಕಿ ಕಂಡರೆ ಅದು ಛಾಯಾಯಂತ್ರದ ನಕಲು. ತಾಮ್ರದ ಕೆತ್ತನೆಯಾದರೆ ಸುತ್ತ ತಗಡಿನ ತಗ್ಗು ಗುರುತು ಇರಬೇಕು, ಮಸಿಯ ಗೆರೆ ಬೆರಳಿಗೆ ಸ್ವಲ್ಪ ಉಬ್ಬಿದಂತೆ ತಗುಲಬೇಕು. ಮರದಚ್ಚಿನಲ್ಲಿ ಗೆರೆಗಳು ಕಾಗದದೊಳಕ್ಕೆ ಒತ್ತಿರುತ್ತವೆ. ಹಲಗೆ ಬಿರುಕು ಬಿಟ್ಟಿದ್ದರೆ ಬಿಳಿಯ ಸಣ್ಣ ಸೀಳು ಕಾಣುತ್ತದೆ. ಹಳೆಯ ಕಾಗದವನ್ನು ಬೆಳಕಿಗೆ ಹಿಡಿದರೆ ಅಚ್ಚಿನ ತಂತಿಗಳ ಸಾಲು, ಕೆಲವೊಮ್ಮೆ ತಯಾರಕನ ನೀರುಗುರುತು ಕಾಣಿಸುತ್ತದೆ. ಇದೆಲ್ಲ ಇದ್ದರೂ ಒಂದು ಎಚ್ಚರ ಬೇಕು. ಹಳೆಯ ತಗಡನ್ನೇ ಬಹುಕಾಲದ ಮೇಲೆ ಹೊಸ ಕಾಗದದ ಮೇಲೆ ಒತ್ತಿರಬಹುದು. ತಗಡು ಅಸಲು, ಪ್ರತಿ ತಡವಾದದ್ದು. ಕಾಗದ, ಮಸಿ, ಗೆರೆಯ ಚೂಪು ಮೂರನ್ನೂ ಒಟ್ಟಿಗೆ ನೋಡಿಯೇ ತೀರ್ಮಾನಿಸಬೇಕು. ಇದು ಕೈಯಲ್ಲಿ ಹಿಡಿದು ಕಲಿಯಬೇಕಾದ ವಿದ್ಯೆ. ಮರದ ಮತ್ತು ಲೋಹದ ಅಚ್ಚು ತೆಗೆಯುವ ಕಲೆಯನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿಸುತ್ತಾರೆ. ಒಮ್ಮೆ ಹಲಗೆಗೆ ಮಸಿ ಬಳಿದು ಕಾಗದ ಎತ್ತುವುದನ್ನು ನೋಡಿದವರಿಗೆ ಅಸಲು ನಕಲಿನ ಅಂತರ ಪುಸ್ತಕ ಓದಿದ್ದಕ್ಕಿಂತ ಬೇಗ ತಿಳಿಯುತ್ತದೆ.

ಹರಿದ ಪುಸ್ತಕದ ನಷ್ಟ

ಅಂಗಡಿಯವರು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಷ್ಟಾಯಿತು. ಕಲಾವಿದನ ಕಾಲದಲ್ಲಿ, ಅವನ ಚಿತ್ರಕ್ಕೆಂದು ಕೆತ್ತಿದ ಹಲಗೆ ಅಥವಾ ತಗಡಿನಿಂದ ನೇರವಾಗಿ ಒತ್ತಿದ ಪ್ರತಿಗಳೆಲ್ಲವೂ ಅಸಲೇ. ಇನ್ನರ್ಧ ಉತ್ತರ ಇದಕ್ಕಿಂತ ಮುಖ್ಯವಾದದ್ದು. ಈ ಚಿತ್ರಗಳಲ್ಲಿ ಬಹಳಷ್ಟು ಬಿಡಿ ಹಾಳೆಗಳಾಗಿ ಹುಟ್ಟಿದವಲ್ಲ, ಪುಸ್ತಕದ ಭಾಗವಾಗಿ ಹುಟ್ಟಿದವು. ಹೋಮನ ಪುಸ್ತಕದಲ್ಲಿ ಪ್ರತಿ ನೋಟಕ್ಕೂ ವಿವರಣೆಯಿದೆ, ಭೂಪಟಗಳಿವೆ. ಯಾವ ಬೆಟ್ಟ, ಯಾವಾಗ, ಯಾರು ಎಲ್ಲಿಂದ ನೋಡಿದ್ದು ಎಂಬುದು ಅಲ್ಲಿ ದಾಖಲಾಗಿದೆ. ಆದರೆ ಪುಸ್ತಕ ಇಡಿಯಾಗಿ ಮಾರಾಟವಾಗುವುದಕ್ಕಿಂತ ಹಾಳೆ ಹಾಳೆಯಾಗಿ ಮಾರಿದರೆ ವ್ಯಾಪಾರಿಗೆ ಹೆಚ್ಚು ಲಾಭ. ಹೀಗಾಗಿ ಇಂಥ ಎಷ್ಟೋ ಸಂಪುಟಗಳ ಹೊಲಿಗೆ ಬಿಚ್ಚಿ, ಚಿತ್ರಗಳನ್ನು ಬೇರ್ಪಡಿಸಿ, ಮಾತಿನ ಪುಟಗಳನ್ನು ಎಸೆದಿದ್ದಾರೆ. ಚಿತ್ರ ಯಾರದೋ ಬೈಠಕ್‌ಖಾನೆಯ ಗೋಡೆಗೆ ಹೋಗುತ್ತದೆ. ಕೆಲವು ಕಡೆ ಚೌಕಟ್ಟಿಗೆ ಹೊಂದಲೆಂದು ಅಂಚನ್ನೂ ಕತ್ತರಿಸುತ್ತಾರೆ. ಕಲಾವಿದ, ಕೆತ್ತನೆಗಾರ, ಪ್ರಕಾಶಕರ ಹೆಸರು ಮತ್ತು ತಾರೀಖು ಇರುವುದು ಆ ಅಂಚಿನಲ್ಲೇ. ಅಲ್ಲಿಗೆ ಅದು ಬರೀ ‘ಹಳೇ ಬೆಟ್ಟದ ಚಿತ್ರ’ವಾಗುತ್ತದೆ.

ಮಾತಿನಿಂದ ಬೇರ್ಪಟ್ಟ ಚಿತ್ರ ಸುಳ್ಳಿಗೆ ಸುಲಭವಾಗಿ ಒದಗುತ್ತದೆ. ಕಲ್ಲಿಕೋಟೆಯ ಪಿಶಾಚಿ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋದದ್ದೂ ಹೀಗೆಯೇ, ಯಾರು ಯಾವುದನ್ನು ಆಧರಿಸಿ ಬರೆದದ್ದೆಂಬ ನೆನಪು ಕಳಚಿಕೊಳ್ಳುತ್ತ. ಬ್ರಾಯ್ ಭಾರತವನ್ನು ಕಂಡಿರಲಿಲ್ಲ ಎಂದು ತಿಳಿದಿದ್ದರೆ ಅವನ ಮರದಚ್ಚು ಯೂರೋಪಿನ ಮನಸ್ಸಿಗೆ ಹಿಡಿದ ಕನ್ನಡಿ. ತಿಳಿಯದಿದ್ದರೆ ಅದು ನಮ್ಮ ಮೇಲಿನ ಅಪವಾದ. ಹೋಮ್ ಯಾವ ಸೈನ್ಯದ ಜೊತೆ ಬಂದನೆಂದು ತಿಳಿದಿದ್ದರೆ ಅವನ ಸಾವನದುರ್ಗ ಒಂದು ಚರಿತ್ರೆಯ ದಾಖಲೆ. ತಿಳಿಯದಿದ್ದರೆ ಹೋಟೆಲಿನ ಗೋಡೆಯ ಅಲಂಕಾರ.

ವಿದೇಶಿ ಪ್ರವಾಸಿಗರ ಬರಹಗಳನ್ನು ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಮೂಲಕ ಕನ್ನಡಕ್ಕೆ ತಂದುಕೊಟ್ಟರು. ಮಾತಿಗೆ ಸಿಕ್ಕ ಆ ಗೌರವ ಚಿತ್ರಕ್ಕೂ ಸಿಗಬೇಕು. ಈ ಮರದಚ್ಚು, ತಾಮ್ರದಚ್ಚುಗಳನ್ನು ಕನ್ನಡದ ವಿವರಣೆಯೊಡನೆ, ಎಲ್ಲಿ ನಿಜ ಎಲ್ಲಿ ಕಲ್ಪನೆ ಎಂಬುದನ್ನು ತಿಳಿಸುತ್ತ, ಅಚ್ಚುಕಟ್ಟಾಗಿ ಮುದ್ರಿಸಿದರೆ ಶಾಲೆಯ ಮಕ್ಕಳೂ ನೋಡಿಯಾರು. ದೊಡ್ಡ ಗ್ರಂಥಾಲಯಗಳು ಮೂಲ ಹಾಳೆಗಳನ್ನು ಕಂಪ್ಯೂಟರಿನಲ್ಲಿ ನೋಡಲು ಒದಗಿಸುತ್ತಿರುವ ಈ ದಿನಗಳಲ್ಲಿ ಅದು ಹಿಂದಿನಷ್ಟು ಕಷ್ಟದ ಕೆಲಸವಲ್ಲ.

ಯಶವಂತಪುರದ ಆ ಕ್ಯಾಲೆಂಡರಿನ ಬೆಟ್ಟವನ್ನು ನಾನು ಕೊಂಡೆ, ಕ್ಯಾಲೆಂಡರಿನ ಬೆಲೆಗೇ. ಕಟ್ಟು ಹಾಕುವಾಗ ಅಂಗಡಿಯವರು ಕೆಳಗಿನ ಇಂಗ್ಲಿಷ್ ಸಾಲನ್ನು ಕತ್ತರಿಸಲು ಕತ್ತರಿ ಎತ್ತಿದರು. ‘ಅದು ಇರಲಿ’ ಎಂದೆ. ‘ಅದಿದ್ರೆ ಚೌಕಟ್ಟು ದೊಡ್ಡದಾಗುತ್ತೆ ಸಾರ್, ನಲವತ್ತು ರೂಪಾಯಿ ಜಾಸ್ತಿ’ ಎಂದರು. ಕೊಟ್ಟೆ. ಮನೆಗೆ ತಂದು ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಿಂದ ಹೀಗೆ ಬರೆದಿಟ್ಟಿದ್ದೇನೆ: ‘ಸಾವನದುರ್ಗ, ಮಾಗಡಿ ತಾಲ್ಲೂಕು. ೧೭೯೧ರ ಡಿಸೆಂಬರಿನ ಯುದ್ಧ. ಲಂಡನ್ನಿನಲ್ಲಿ ಕೆತ್ತಿದ ಹಳೆಯ ಚಿತ್ರದ ಆಫ್‌ಸೆಟ್ ನಕಲು. ಅಸಲಲ್ಲ.’